ಡಿವಿಡಿಯಿಂದ ವಿಡಿಯೋ ಫೈಲಿಗೆ ಪರಿವರ್ತನೆ

ಹಳೆಯ ಡಿವಿಡಿಗಳಲ್ಲಿರುವ ಚಿತ್ರ, ಧ್ವನಿ, ಅಡಿಬರಹಗಳನ್ನು ಓದಿ, ಡಿಸ್ಕ್‌ನ ಹಂಗಿಲ್ಲದೆ ಫೋನು, ಕಂಪ್ಯೂಟರು, ಟಿವಿಗಳಲ್ಲಿ ನೋಡಬಹುದಾದ ಮತ್ತು ಅಂತರಜಾಲದ ಮೂಲಕ ಇಳಿಸಿಕೊಳ್ಳಬಹುದಾದ ಫೈಲುಗಳನ್ನಾಗಿ ಮಾಡುವ ಕೆಲಸ. ಬಳಕೆಯ ಮಾತಿನಲ್ಲಿ ಇದಕ್ಕೆ ರಿಪ್ ಮಾಡುವುದು ಎನ್ನುತ್ತಾರೆ. ಇದನ್ನು ಡಿಜಿಟಲೀಕರಣ ಎಂದು ಕರೆಯುವ ರೂಢಿಯೂ ಇದೆ. ಆದರೆ ಆ ಹೆಸರು ಪೂರ್ತಿ ಸರಿಯಲ್ಲ. ವಿಎಚ್ಎಸ್ ಕ್ಯಾಸೆಟ್ಟಿನಲ್ಲಿ ಇರುವುದು ಅನಲಾಗ್ ಸಂಕೇತ. ಅದನ್ನು ಓಡಿಸುತ್ತ ಹೊಸದಾಗಿ ಅಂಕಿಗಳಾಗಿ ದಾಖಲಿಸಬೇಕು. ಡಿವಿಡಿಯಲ್ಲಿ ಇರುವುದು ಮೊದಲೇ ಅಂಕಿಗಳು. ಅವನ್ನು ಒಂದೂ ತಪ್ಪದಂತೆ ಎತ್ತಿಕೊಂಡರೆ ಪ್ರತಿಗೂ ಮೂಲಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ. ಗುಣಮಟ್ಟ ಇಳಿಯುವುದು ಆಮೇಲೆ, ಗಾತ್ರ ಕುಗ್ಗಿಸಲು ಹೊರಟಾಗ. ಓದುವುದು ಬೇರೆ, ಕುಗ್ಗಿಸುವುದು ಬೇರೆ ಎಂಬ ಈ ತಿಳಿವಳಿಕೆಯೇ ಪರಿವರ್ತನೆಯ ಬುನಾದಿ.

ಹುಟ್ಟು ಮತ್ತು ರಚನೆ

1990ರ ದಶಕದ ನಡುವಿನಲ್ಲಿ ಸಿಡಿಗಿಂತ ಹೆಚ್ಚು ಹಿಡಿಸುವ ಡಿಸ್ಕ್‌ಗಾಗಿ ಎರಡು ಬಣಗಳು ಪೈಪೋಟಿಗಿಳಿದಿದ್ದವು. ಒಂದು ಕಡೆ ಸೋನಿ ಮತ್ತು ಫಿಲಿಪ್ಸ್, ಇನ್ನೊಂದು ಕಡೆ ತೊಷಿಬಾ, ಟೈಮ್ ವಾರ್ನರ್ ಮೊದಲಾದವು. ವಿಎಚ್ಎಸ್ ಮತ್ತು ಬೀಟಾಮ್ಯಾಕ್ಸ್ ನಡುವಿನ ಹಳೆಯ ಜಗಳ ಮತ್ತೆ ಬೇಡವೆಂದು ಐಬಿಎಂ ಸೇರಿದಂತೆ ಕಂಪ್ಯೂಟರ್ ಕಂಪನಿಗಳು ಪಟ್ಟು ಹಿಡಿದ ಮೇಲೆ 1995ರಲ್ಲಿ ಎರಡೂ ಬಣ ಒಂದೇ ಮಾದರಿಗೆ ಒಪ್ಪಿದವು. ಪ್ಲೇಯರುಗಳು 1996ರ ನವೆಂಬರಿನಲ್ಲಿ ಜಪಾನಿನಲ್ಲೂ 1997ರ ಮಾರ್ಚಿನಲ್ಲಿ ಅಮೆರಿಕದಲ್ಲೂ ಮಾರಾಟಕ್ಕೆ ಬಂದವು.

ಡಿವಿಡಿಯ ವ್ಯಾಸ 12 ಸೆಂ.ಮೀ., ದಪ್ಪ 1.2 ಮಿ.ಮೀ. ನೋಟಕ್ಕೆ ಸಿಡಿಯಂತೆಯೇ ಇದ್ದರೂ ಇದು 0.6 ಮಿ.ಮೀ. ದಪ್ಪದ ಎರಡು ಪಾಲಿಕಾರ್ಬೊನೇಟ್ ಹಾಳೆಗಳನ್ನು ಅಂಟಿಸಿ ಮಾಡಿದ್ದು. ಮಾಹಿತಿಯ ಪದರ ಇವೆರಡರ ನಡುವೆ ಇರುತ್ತದೆ. ಸಿಡಿಯಲ್ಲಿ ಆ ಪದರ ಲೇಬಲ್ಲಿನ ಬೆನ್ನಿಗೇ ಅಂಟಿಕೊಂಡಿರುವುದರಿಂದ ಮೇಲ್ಭಾಗದ ಗೀರು ಸಿಡಿಗೆ ಮಾರಕ. ಡಿವಿಡಿಗೆ ಅಷ್ಟು ಅಪಾಯವಿಲ್ಲ. ಸಿಡಿಯನ್ನು 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಓದಿದರೆ ಡಿವಿಡಿಯನ್ನು ಓದುವುದು 650 ನ್ಯಾನೋಮೀಟರಿನ ಕೆಂಪು ಲೇಸರ್. ಕಿರಣ ಸಣ್ಣದಾದಷ್ಟೂ ಗುಳಿಗಳನ್ನು ಒತ್ತೊತ್ತಾಗಿ ಬರೆಯಬಹುದು. ಸುರುಳಿಯ ಸಾಲುಗಳ ನಡುವಿನ ಅಂತರ ಸಿಡಿಯಲ್ಲಿ 1.6 ಮೈಕ್ರಾನ್, ಡಿವಿಡಿಯಲ್ಲಿ 0.74 ಮೈಕ್ರಾನ್. ಹೀಗಾಗಿ ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ ಮಾಹಿತಿ ಹಿಡಿಸುತ್ತದೆ.

ಚಿತ್ರವನ್ನು ಎಂಪೆಗ್-2 ಪದ್ಧತಿಯಲ್ಲಿ ಅಡಕಗೊಳಿಸಿರುತ್ತಾರೆ. ಭಾರತ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಒಂದು ಚೌಕಟ್ಟಿಗೆ 720×576 ಬಿಂದುಗಳು, ಸೆಕೆಂಡಿಗೆ 25 ಚೌಕಟ್ಟುಗಳು. ಅಮೆರಿಕ, ಜಪಾನುಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 720×480 ಬಿಂದುಗಳು, ಸೆಕೆಂಡಿಗೆ 29.97 ಚೌಕಟ್ಟುಗಳು. ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್ ಬಳಸಬಹುದು. ಒಂದು ಚಿತ್ರದ ಜೊತೆಗೆ ಎಂಟು ಧ್ವನಿಪಥಗಳಿಗೂ 32 ಅಡಿಬರಹಗಳಿಗೂ ಅವಕಾಶವಿದೆ.

ಕರ್ನಾಟಕದ ಕಪಾಟುಗಳಲ್ಲಿ ಇರುವುದು

ಭಾರತದಲ್ಲಿ ಡಿವಿಡಿಗೆ ಮೊದಲು ಮನೆ ತುಂಬಿದ್ದು 1993ರಲ್ಲಿ ರೂಪುಗೊಂಡ ವಿಸಿಡಿ. ಅದರ ಚಿತ್ರ 352×288 ಬಿಂದುಗಳದ್ದು, ಒಂದು ಡಿಸ್ಕ್‌ಗೆ ಸುಮಾರು 74 ನಿಮಿಷ. ಒಂದು ಸಿನಿಮಾ ಎರಡು ಮೂರು ಡಿಸ್ಕ್‌ಗಳಿಗೆ ಹರಡುತ್ತಿತ್ತು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ಕನ್ನಡವೂ ಸೇರಿ ಹಲವು ಭಾಷೆಗಳ ಸಿನಿಮಾಗಳನ್ನು ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿಯಂತೆ ಮಾರಲು ತೊಡಗಿದಾಗ ಡಿವಿಡಿ ಸಾಮಾನ್ಯರ ಕೈಗೆಟುಕಿತು. ಅದೇ ಕಂಪನಿ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಚ್ಚಿಹೋಯಿತು.

ಪರಿವರ್ತನೆಗೆ ಬರುವ ಡಿಸ್ಕ್‌ಗಳನ್ನು ಎರಡು ಗುಂಪು ಮಾಡಬಹುದು. ಮೊದಲನೆಯದು ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾ ಡಿಸ್ಕ್‌ಗಳು. ಇವುಗಳಲ್ಲಿ ಗುಳಿಗಳನ್ನು ಪ್ಲಾಸ್ಟಿಕ್ಕಿನಲ್ಲೇ ಒತ್ತಿ ಲೋಹದ ಲೇಪ ಕೊಟ್ಟಿರುವುದರಿಂದ ಬಾಳಿಕೆ ಹೆಚ್ಚು. ಎರಡನೆಯದು ಸ್ಟುಡಿಯೋಗಳಲ್ಲಿ, ಮನೆಗಳಲ್ಲಿ ಬರ್ನ್ ಮಾಡಿದವು: ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ, ಊರ ಜಾತ್ರೆ, ಕರಾವಳಿ ಮಲೆನಾಡುಗಳಲ್ಲಿ ಯಕ್ಷಗಾನ ಮತ್ತು ತಾಳಮದ್ದಳೆ. ಇವುಗಳಲ್ಲಿ ಮಾಹಿತಿ ಇರುವುದು ಸಾವಯವ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಅದು ನಿಧಾನವಾಗಿ ಕೆಡುತ್ತದೆ. ಸಿನಿಮಾ ಡಿಸ್ಕ್ ಹಾಳಾದರೆ ಇನ್ನೊಬ್ಬರ ಬಳಿ ಅದೇ ಸಿನಿಮಾ ಸಿಕ್ಕೀತು. ಅಜ್ಜಿ ಹಸೆಗೆ ಕರೆಯುವ ಹಾಡು ಹೇಳಿದ್ದು ಮನೆಯ ಒಂದೇ ಡಿಸ್ಕ್‌ನಲ್ಲಿದ್ದರೆ, ಅದು ಹೋದರೆ ಹೋಯಿತು. ಬೇಗ ಕೆಡುವ ಡಿಸ್ಕ್‌ಗಳೇ ಬದಲಿ ಇಲ್ಲದ ಡಿಸ್ಕ್‌ಗಳೂ ಆಗಿರುವುದರಿಂದ ಪರಿವರ್ತನೆಯಲ್ಲಿ ಮೊದಲ ಸರದಿ ಇವುಗಳದೇ.

ಡಿಸ್ಕ್ ಓದುವ ಸಾಧನಗಳೂ ಕಣ್ಮರೆಯಾಗುತ್ತಿವೆ. 2008ರ ಮ್ಯಾಕ್‌ಬುಕ್ ಏರ್ ಡಿಸ್ಕ್ ಡ್ರೈವ್ ಇಲ್ಲದೆಯೇ ಬಂತು. ಮುಂದಿನ ವರ್ಷಗಳಲ್ಲಿ ಉಳಿದ ಲ್ಯಾಪ್‌ಟಾಪುಗಳೂ ಅದೇ ದಾರಿ ಹಿಡಿದವು. 2012ರ ವಿಂಡೋಸ್ 8ರಿಂದ ಡಿವಿಡಿ ಓಡಿಸುವ ಸೌಲಭ್ಯವನ್ನೂ ಕಿತ್ತುಹಾಕಲಾಯಿತು. ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳುಹಿಸುತ್ತ 1998ರಲ್ಲಿ ವ್ಯವಹಾರ ಶುರುಮಾಡಿದ ನೆಟ್‌ಫ್ಲಿಕ್ಸ್ ಕೊನೆಯ ಡಿಸ್ಕ್ ರವಾನಿಸಿದ್ದು 2023ರ ಸೆಪ್ಟೆಂಬರ್ 29ರಂದು. ಈಗ ಡಿವಿಡಿ ಓದಲು ಯುಎಸ್‌ಬಿ ತಂತಿಯ ಹೊರಗಿನ ಡ್ರೈವ್ ಬೇಕು, ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಅದು ಸಿಗುತ್ತದೆ.

ಡಿಸ್ಕ್‌ನೊಳಗಿನ ಫೈಲುಗಳು

ಡಿವಿಡಿಯನ್ನು ಕಂಪ್ಯೂಟರಿನಲ್ಲಿ ತೆರೆದರೆ ವಿಡಿಯೋ_ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗೆ ಮೂರು ಬಗೆಯ ಫೈಲುಗಳು. ವಿಒಬಿ ಎಂದು ಕೊನೆಯಾಗುವವುಗಳಲ್ಲಿ ಚಿತ್ರ, ಧ್ವನಿ, ಅಡಿಬರಹ ಹೆಣೆದುಕೊಂಡಿರುತ್ತವೆ. ಐಎಫ್ಒ ಫೈಲುಗಳಲ್ಲಿ ಯಾವ ಅಧ್ಯಾಯ ಎಲ್ಲಿ ಶುರು, ಯಾವ ಧ್ವನಿ ಯಾವ ಭಾಷೆಯದು, ಮೆನುವಿನ ಗುಂಡಿ ಒತ್ತಿದರೆ ಎಲ್ಲಿಗೆ ಹೋಗಬೇಕು ಎಂಬ ವಿವರ. ಬಿಯುಪಿ ಎಂಬುದು ಐಎಫ್ಒದ ತದ್ರೂಪು. ಮೂಲ ಕೆಟ್ಟರೆ ಕೈಹಿಡಿಯಲು ಇಟ್ಟದ್ದು.

ವಿಒಬಿ ಫೈಲು ಒಂದು ಜಿಬಿ ದಾಟುವಂತಿಲ್ಲ. ಹಾಗಾಗಿ ಎರಡು ಗಂಟೆಯ ಮದುವೆ ವಿಡಿಯೋ ಐದಾರು ತುಂಡಾಗಿರುತ್ತದೆ. ನಾಂದಿ ಒಂದರಲ್ಲಿ, ಧಾರೆ ಇನ್ನೊಂದರಲ್ಲಿ. ಎಷ್ಟೋ ಜನ ಒಂದು ವಿಒಬಿಯನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಉಳಿದದ್ದು ಎಲ್ಲಿ ಹೋಯಿತೆಂದು ಹುಡುಕುತ್ತಾರೆ. ತುಂಡುಗಳನ್ನು ಒಂದೊಂದಾಗಿ ಪರಿವರ್ತಿಸಿ ಆಮೇಲೆ ಅಂಟಿಸಿದರೆ ಜೋಡಣೆಯ ಜಾಗದಲ್ಲಿ ಧ್ವನಿ ಚಿತ್ರದಿಂದ ಹಿಂದೆ ಬೀಳುವುದುಂಟು. ಐಎಫ್ಒವನ್ನು ಓದಿ ಇಡೀ ಶೀರ್ಷಿಕೆಯನ್ನು ಒಟ್ಟಿಗೇ ತೆಗೆಯುವ ತಂತ್ರಾಂಶಗಳಲ್ಲಿ ಈ ತೊಂದರೆ ಇರುವುದಿಲ್ಲ.

ಮೂರು ವಿಧಾನಗಳು

ಮೊದಲನೆಯದು ಐಎಸ್ಒ ಪ್ರತಿ. ಡಿಸ್ಕ್‌ನಲ್ಲಿರುವ 2,048 ಬೈಟಿನ ಒಂದೊಂದು ಖಾನೆಯನ್ನೂ ಕ್ರಮವಾಗಿ ಓದಿ ಒಂದೇ ಫೈಲಾಗಿ ಬರೆದುಕೊಳ್ಳುವುದು. ಮೆನು, ಅಧ್ಯಾಯ, ಅಡಿಬರಹ ಎಲ್ಲವೂ ಇದ್ದ ಹಾಗೆಯೇ ಉಳಿಯುತ್ತವೆ. ವಿಎಲ್‌ಸಿ ಇದನ್ನು ನೇರವಾಗಿ ಓಡಿಸುತ್ತದೆ. ಫೋನು, ಟಿವಿಗಳು ಸಾಮಾನ್ಯವಾಗಿ ಓಡಿಸುವುದಿಲ್ಲ.

ಎರಡನೆಯದು ಡಬ್ಬಿ ಬದಲಾವಣೆ, ಅಂದರೆ ರಿಮಕ್ಸ್. ಎಂಪೆಗ್-2 ಚಿತ್ರವನ್ನು ಮುಟ್ಟದೆ, ವಿಒಬಿಯಿಂದ ಬಿಡಿಸಿ ಎಂಕೆವಿ ಎಂಬ ಬೇರೆ ಡಬ್ಬಿಗೆ ತುಂಬುವುದು. ಉಪ್ಪಿನಕಾಯಿಯನ್ನು ಭರಣಿಯಿಂದ ಬಾಟಲಿಗೆ ಹಾಕಿದಂತೆ, ರುಚಿ ಬದಲಾಗುವುದಿಲ್ಲ. 2002ರಲ್ಲಿ ಶುರುವಾದ ಮಟ್ರೋಸ್ಕಾ ಯೋಜನೆಯ ಈ ಡಬ್ಬಿಯಲ್ಲಿ ಹಲವು ಧ್ವನಿಪಥ, ಅಡಿಬರಹ, ಅಧ್ಯಾಯ ಎಲ್ಲವೂ ಹಿಡಿಸುತ್ತವೆ. ಮೆನು ಮಾತ್ರ ಹೋಗುತ್ತದೆ.

ಮೂರನೆಯದು ಮರುಸಂಕೇತನ. ಎಂಪೆಗ್-2 ಚಿತ್ರವನ್ನು ಬಿಚ್ಚಿ, ಹೆಚ್ಚು ದಕ್ಷವಾದ ಪದ್ಧತಿಯಲ್ಲಿ ಮತ್ತೆ ಅಡಕಗೊಳಿಸುವುದು. 2003ರ ಎಚ್.264, 2013ರ ಎಚ್.265, 2018ರ ಎವಿ1 ಇಂಥ ಪದ್ಧತಿಗಳು. ಇವುಗಳಲ್ಲಿ ಎಚ್.264 ಚಿತ್ರವನ್ನು ಎಎಸಿ ಧ್ವನಿಯೊಂದಿಗೆ ಎಂಪಿ4 ಡಬ್ಬಿಯಲ್ಲಿಟ್ಟರೆ ಬಹುತೇಕ ಎಲ್ಲ ಫೋನು, ಟಿವಿ, ಬ್ರೌಸರುಗಳಲ್ಲಿ ಓಡುತ್ತದೆ. ಡಿವಿಡಿಯಲ್ಲಿ ಸೆಕೆಂಡಿಗೆ 5 ಮೆಗಾಬಿಟ್ಟಿನಂತೆ ಎರಡು ಗಂಟೆಗೆ 4.5 ಜಿಬಿ ಆಗಿದ್ದ ಚಿತ್ರ, 1.5 ಮೆಗಾಬಿಟ್ಟಿನ ಎಚ್.264ರಲ್ಲಿ ಸುಮಾರು 1.35 ಜಿಬಿಗೆ ಇಳಿಯುತ್ತದೆ. ಆದರೆ ಈ ವಿಧಾನದಲ್ಲಿ ಕಳೆದುಕೊಂಡ ವಿವರ ಮತ್ತೆ ಬಾರದು. ಐಎಸ್ಒದಿಂದ ಎಂಕೆವಿಯನ್ನೂ ಎಂಪಿ4ನ್ನೂ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಎಂಪಿ4ನಿಂದ ಹಿಂದಕ್ಕೆ ದಾರಿಯಿಲ್ಲ.

ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಹ್ಯಾಂಡ್‌ಬ್ರೇಕ್ 2003ರಿಂದ ಇದೆ, ಉಚಿತ, ಮುಕ್ತ. ಇದರಲ್ಲಿ ಗುಣಮಟ್ಟವನ್ನು ಒಂದು ಅಂಕಿಯಿಂದ ನಿಗದಿಮಾಡುತ್ತಾರೆ. ಅಂಕಿ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಡಿವಿಡಿ ಗಾತ್ರದ ಚಿತ್ರಕ್ಕೆ 18ರಿಂದ 22 ಎಂಬುದು ಅದನ್ನು ರೂಪಿಸಿದವರ ಸಲಹೆ. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್ಎಫ್‌ಎಂಪೆಗ್ ಆದೇಶಗಳನ್ನು ಟೈಪಿಸಿ ಬಳಸುವಂಥದು. ನೂರಾರು ಡಿಸ್ಕ್‌ಗಳ ಕೆಲಸಕ್ಕೆ ಅನುಕೂಲ. ರಿಮಕ್ಸ್‌ಗೆ ಮೇಕ್‌ಎಂಕೆವಿ ಹೆಸರುವಾಸಿ.

ಗೀರು ಬಿದ್ದ, ಖಾಲಿ ಕಾಣುವ ಡಿಸ್ಕ್

ಡಿವಿಡಿ ತನ್ನ ತಪ್ಪುಗಳನ್ನು ಒಂದು ಮಿತಿಯವರೆಗೆ ತಾನೇ ತಿದ್ದಿಕೊಳ್ಳುತ್ತದೆ. ಹದಿನಾರು ಖಾನೆಗಳಿಗೆ ಒಂದರಂತೆ ರೀಡ್-ಸಾಲಮನ್ ತಿದ್ದುಪಡಿ ಸಂಕೇತ ಬೆರೆಸಿರುವುದರಿಂದ ಸಣ್ಣ ಗೀರುಗಳು ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಮಿತಿ ಮೀರಿದಾಗ ಚಿತ್ರ ಚೌಕಚೌಕವಾಗಿ ಒಡೆದು, ಪ್ಲೇಯರ್ ತಡವರಿಸಿ ನಿಲ್ಲುತ್ತದೆ. ಮಧ್ಯದಿಂದ ಅಂಚಿನ ಕಡೆಗೆ ಹೋಗುವ ಗೀರಿಗಿಂತ ಸುರುಳಿಯ ಉದ್ದಕ್ಕೆ ಬಿದ್ದ ಗೀರು ಹೆಚ್ಚು ಹಾನಿಕರ, ಯಾಕೆಂದರೆ ಅದು ಒಂದೇ ಕಡೆಯ ಮಾಹಿತಿಯನ್ನು ಸಾಲಾಗಿ ಅಳಿಸುತ್ತದೆ. ಡಿಸ್ಕ್ ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಿ ಒರೆಸಬಾರದು ಎನ್ನುವುದು ಇದೇ ಕಾರಣಕ್ಕೆ.

ಬರವಣಿಗೆ ಒಳಗಿನಿಂದ ಹೊರಕ್ಕೆ ಸಾಗುವುದರಿಂದ ಒಂದು ಪದರದ ಡಿಸ್ಕ್‌ನಲ್ಲಿ ಕೈಬೆರಳು ತಾಗುವ ಹೊರ ಅಂಚಿನಲ್ಲಿ ಇರುವುದು ಕಾರ್ಯಕ್ರಮದ ಕೊನೆ. ಪೂರ್ತಿ ತುಂಬಿದ ಡಿಸ್ಕ್‌ಗಳು ಆರಂಭದಲ್ಲಿ ಚೆನ್ನಾಗಿ ಓಡಿ ಕಡೆಯ ಹತ್ತು ನಿಮಿಷದಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಹಾಳಾದ ಡಿಸ್ಕ್‌ಗೆ ಗ್ನು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಉಪಯುಕ್ತ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ಕೆಟ್ಟ ಭಾಗಗಳ ನಕ್ಷೆ ಬರೆದಿಟ್ಟು, ಆಮೇಲೆ ಅವಕ್ಕೆ ಮಾತ್ರ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಕ್ಷೆ ಇರುವುದರಿಂದ ಅದೇ ಡಿಸ್ಕನ್ನು ಇನ್ನೊಂದು ಡ್ರೈವಿಗೆ ಹಾಕಿ ಉಳಿದ ತೂತುಗಳನ್ನು ತುಂಬಿಸಬಹುದು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಸಾಮಾನ್ಯ.

ಹ್ಯಾಂಡಿಕ್ಯಾಮ್‌ಗಳ 8 ಸೆಂ.ಮೀ. ಪುಟ್ಟ ಡಿಸ್ಕ್‌ಗಳದು ಬೇರೆ ಕಥೆ. ಒಂದಕ್ಕೆ 1.4 ಜಿಬಿ ಹಿಡಿಸುತ್ತದೆ. ಚಿತ್ರೀಕರಣ ಮುಗಿದ ಮೇಲೆ ಕ್ಯಾಮೆರಾದಲ್ಲೇ ಫೈನಲೈಸ್ ಮಾಡದಿದ್ದರೆ ಬೇರೆ ಡ್ರೈವಿನಲ್ಲಿ ಅದು ಖಾಲಿ ಡಿಸ್ಕ್‌ನಂತೆ ಕಾಣುತ್ತದೆ. ಏನೂ ಇಲ್ಲವೆಂದು ಎಸೆಯುವ ಮುನ್ನ ಅದರ ಹೊಳಪಿನ ಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಬರೆದ ಭಾಗದ ಬಣ್ಣ ಬರೆಯದ ಭಾಗಕ್ಕಿಂತ ಬೇರೆಯಾಗಿರುತ್ತದೆ. ಈ ಪುಟ್ಟ ಡಿಸ್ಕ್‌ಗಳನ್ನು ಸೀಳಿನೊಳಗೆ ತೂರಿಸುವ ಬಗೆಯ ಡ್ರೈವಿಗೆ ಹಾಕಬಾರದು, ಸಿಕ್ಕಿಕೊಳ್ಳುತ್ತವೆ.

ಚಿತ್ರವನ್ನು ಸರಿಪಡಿಸುವುದು

ಮರುಸಂಕೇತನದಲ್ಲಿ ಹೆಚ್ಚು ತಪ್ಪುಗಳಾಗುವುದು ಅಡ್ಡಗೆರೆಗಳ ವಿಷಯದಲ್ಲಿ. ಹಳೆಯ ಟಿವಿಗಾಗಿ ತೆಗೆದ ವಿಡಿಯೋದಲ್ಲಿ ಒಂದು ಚೌಕಟ್ಟು ಎಂದರೆ ಎರಡು ಅರೆಚಿತ್ರಗಳು: ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು. ಎರಡರ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರ. ಯಕ್ಷಗಾನದ ಡಿವಿಡಿಯೊಂದನ್ನು ಕಂಪ್ಯೂಟರಿನಲ್ಲಿ ಹಾಕಿ, ವೇಷಧಾರಿ ದಿಗಿಣ ಹಾಕುವಾಗ ನಿಲ್ಲಿಸಿ ನೋಡಿದರೆ ಇದು ಕಣ್ಣಿಗೆ ಹೊಡೆಯುತ್ತದೆ. ಕುಳಿತಿರುವ ಭಾಗವತರು ಸ್ಪಷ್ಟ; ಸುತ್ತುತ್ತಿರುವವರ ಸೊಂಟದ ಪಟ್ಟಿ, ಕಿರೀಟದ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತವೆ. ಗೆರೆ ಬಿಡಿಸುವ ಸೋಸುಕ ಹಾಕಿ ಎರಡು ಅರೆಚಿತ್ರಗಳನ್ನೂ ಪೂರ್ಣ ಚೌಕಟ್ಟಾಗಿಸಿದರೆ ಸೆಕೆಂಡಿಗೆ 50 ಚೌಕಟ್ಟುಗಳ ನಯವಾದ ಚಲನೆ ಸಿಗುತ್ತದೆ. 25ಕ್ಕೇ ಇಳಿಸಿದರೆ ಕುಣಿತದ ಅರ್ಧ ಚಲನೆ ಹೋದಂತೆ. ಈ ಸೋಸುಕವನ್ನು ಸಿನಿಮಾ ಡಿಸ್ಕ್‌ಗೆ ಕಣ್ಣುಮುಚ್ಚಿ ಹಾಕಬಾರದು. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಪಾಲ್ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ 25ರ ವೇಗದಲ್ಲಿ ಓಡಿಸಿ ಹಾಕಿರುತ್ತಾರೆ. ಅಲ್ಲಿ ಗೆರೆ ಬಿಡಿಸುವಂಥದ್ದೇನೂ ಇರುವುದಿಲ್ಲ. ಇದೇ ವೇಗದ ಕಾರಣಕ್ಕೆ ಥಿಯೇಟರಿನಲ್ಲಿ 150 ನಿಮಿಷದ ಚಿತ್ರ ಡಿವಿಡಿಯಲ್ಲಿ 144 ನಿಮಿಷಕ್ಕೆ ಮುಗಿಯುತ್ತದೆ.

ಆಕಾರದ ಸಮಸ್ಯೆ ಎರಡನೆಯದು. ಡಿವಿಡಿಯ ಬಿಂದುಗಳು ಚೌಕವಲ್ಲ. ಅದೇ 720×576ನ್ನು 4:3 ಚಿತ್ರವಾದರೆ ಸುಮಾರು 768×576ರ ಆಕಾರಕ್ಕೆ, 16:9 ಚಿತ್ರವಾದರೆ 1024×576ಕ್ಕೆ ಹಿಗ್ಗಿಸಿ ತೋರಿಸಬೇಕು. ಈ ಸೂಚನೆ ಕಳೆದುಹೋದ ಫೈಲುಗಳಲ್ಲಿ ಮದುಮಕ್ಕಳು ಸಪೂರವಾಗಿಯೋ ದಡೂತಿಯಾಗಿಯೋ ಕಾಣುತ್ತಾರೆ.

ಕೆಲವು ದೋಷಗಳು ಮೂಲದಲ್ಲೇ ಇರುತ್ತವೆ. ನಾಲ್ಕು ಗಂಟೆಯ ಮದುವೆಯನ್ನು 4.7 ಜಿಬಿಯ ಒಂದೇ ಡಿಸ್ಕ್‌ಗೆ ತುಂಬಿದಾಗ ಸೆಕೆಂಡಿಗೆ ಸಿಗುವುದು 2.6 ಮೆಗಾಬಿಟ್ ಮಾತ್ರ. ಮಂತ್ರ ಹೇಳುತ್ತ ಕುಳಿತವರಿಗೆ ಅಷ್ಟು ಸಾಕು. ಮಾಂಗಲ್ಯಧಾರಣೆಯ ಹೊತ್ತಿಗೆ ನಾಲ್ಕೂ ಕಡೆಯಿಂದ ಅಕ್ಷತೆ ಹಾರಿ ಕ್ಯಾಮೆರಾ ಫ್ಲ್ಯಾಶುಗಳು ಮಿಂಚಿದಾಗ ಒಂದೊಂದು ಚೌಕಟ್ಟೂ ಹಿಂದಿನದಕ್ಕಿಂತ ಪೂರ್ತಿ ಬೇರೆ. ಅಷ್ಟನ್ನು ಹಿಡಿಯಲು ಜಾಗ ಸಾಲದೆ ಚಿತ್ರ ಚೌಕಗಳಾಗಿ ಕಲಸಿಹೋಗುತ್ತದೆ. ಇಡೀ ಮದುವೆಯಲ್ಲಿ ಮುಖ್ಯವಾದ ಗಳಿಗೆಯೇ ಡಿಸ್ಕ್‌ನಲ್ಲಿ ಅತ್ಯಂತ ಮಸುಕಾದ ಗಳಿಗೆ. ಯಾವ ಪರಿವರ್ತನೆಯೂ ಇದನ್ನು ಮರಳಿ ತರಲಾರದು. ಕೃತಕ ಬುದ್ಧಿಮತ್ತೆಯ ಹಿಗ್ಗಿಸುವ ತಂತ್ರಾಂಶಗಳು ಮುಖಕ್ಕೆ ನುಣುಪು ಕೊಡುತ್ತವೆ ನಿಜ. ಆದರೆ ಅದು ಊಹಿಸಿ ಬರೆದ ವಿವರ, ದಾಖಲಾದ ವಿವರವಲ್ಲ.

ಧ್ವನಿ ಮತ್ತು ಅಡಿಬರಹ

ಡಿವಿಡಿಯ ಧ್ವನಿ ಡಾಲ್ಬಿ ಎಸಿ-3, ಎಂಪೆಗ್, ಡಿಟಿಎಸ್ ಅಥವಾ ಅಡಕಗೊಳಿಸದ ಪಿಸಿಎಂ ರೂಪದಲ್ಲಿರುತ್ತದೆ. ಬದಲಾಯಿಸಲು ಕಾರಣವಿಲ್ಲದಿದ್ದರೆ ಇದ್ದದ್ದನ್ನು ಹಾಗೇ ನಕಲು ಮಾಡುವುದು ಒಳ್ಳೆಯದು. ಗದ್ದಲ ತೆಗೆಯುವ ಸೋಸುಕಗಳು ಚೆಂಡೆಯ ಸದ್ದನ್ನೂ ಗದ್ದಲವೆಂದೇ ತಿಳಿದು ಮೊಂಡಾಗಿಸುವುದುಂಟು.

ಅಡಿಬರಹಗಳು ಡಿವಿಡಿಯಲ್ಲಿ ಅಕ್ಷರಗಳಾಗಿ ಇರುವುದಿಲ್ಲ, ಚಿತ್ರಗಳಾಗಿ ಇರುತ್ತವೆ. ಹುಡುಕಲು, ತಿದ್ದಲು, ದೊಡ್ಡದಾಗಿಸಲು ಆಗಬೇಕಾದರೆ ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಠ್ಯವಾಗಿಸಬೇಕು. ಕನ್ನಡವನ್ನು ಗುರುತಿಸಬಲ್ಲ ಟೆಸರಾಕ್ಟ್ ಇದ್ದರೂ, ಇಷ್ಟು ಕಡಿಮೆ ಬಿಂದುಗಳ ಚಿತ್ರದಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಕೈಯಿಂದ ತಿದ್ದುವ ಕೆಲಸ ತಪ್ಪದು.

ಬೀಗಗಳು ಮತ್ತು ಕಾನೂನು

ಸಿನಿಮಾ ಡಿಸ್ಕ್‌ಗಳಿಗೆ ಎರಡು ತಡೆಗಳಿದ್ದವು. ಮೊದಲನೆಯದು ವಲಯ ಸಂಖ್ಯೆ. ಅಮೆರಿಕ 1ನೇ ವಲಯ, ಭಾರತ 5ನೇ ವಲಯ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಊರಿಂದ ತಂದ ಡಿಸ್ಕ್ ಅಲ್ಲಿನ ಪ್ಲೇಯರಿನಲ್ಲಿ ಓಡದಿದ್ದುದಕ್ಕೆ ಒಮ್ಮೆ ವಲಯ, ಇನ್ನೊಮ್ಮೆ ಪಾಲ್ ಪದ್ಧತಿ ಕಾರಣವಾಗಿರುತ್ತಿತ್ತು. ವಲಯವೇ ಇಲ್ಲದ ಮನೆಯ ಮದುವೆ ಡಿಸ್ಕ್ ಕೂಡ ಪಾಲ್ ಆದ್ದರಿಂದ ನಿಂತುಬಿಡುತ್ತಿತ್ತು. ಫೈಲಾಗಿ ಬದಲಾದ ಮೇಲೆ ಎರಡೂ ಗೋಜಲು ಇಲ್ಲ.

ಎರಡನೆಯದು ಸಿಎಸ್ಎಸ್ ಎಂಬ 40 ಬಿಟ್ಟಿನ ಗೂಢಲಿಪಿ. 1999ರಲ್ಲಿ ಡಿಸಿಎಸ್ಎಸ್ ಎಂಬ ತಂತ್ರಾಂಶ ಅದನ್ನು ಬಿಡಿಸಿತು. ಅದರ ಹಿಂದಿದ್ದವರಲ್ಲಿ ಒಬ್ಬನಾದ ನಾರ್ವೆಯ ಯಾನ್ ಲೆಕ್ ಯೋಹಾನ್ಸೆನ್‌ಗೆ ಆಗ 15 ವರ್ಷ. ಮೊಕದ್ದಮೆ ನಡೆದು 2003ರಲ್ಲಿ ಕೆಳಗಿನ ನ್ಯಾಯಾಲಯವೂ ಮೇಲ್ಮನವಿ ನ್ಯಾಯಾಲಯವೂ ಅವನನ್ನು ಖುಲಾಸೆಗೊಳಿಸಿದವು. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಡಿ ಇಂಥ ಬೀಗ ಒಡೆಯುವುದೇ ನಿಷಿದ್ಧ. ಬ್ರಿಟನ್ 2014ರಲ್ಲಿ ಸ್ವಂತ ಬಳಕೆಯ ನಕಲಿಗೆ ಅವಕಾಶ ಕೊಟ್ಟಿತು; ಮರುವರ್ಷವೇ ನ್ಯಾಯಾಲಯ ಅದನ್ನು ರದ್ದುಮಾಡಿತು.

ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ. ಅದರ 52ನೇ ಕಲಮು ಖಾಸಗಿ ಅಥವಾ ಸ್ವಂತ ಬಳಕೆಗಾಗಿ ನ್ಯಾಯೋಚಿತ ಉಪಯೋಗವನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. 2012ರಲ್ಲಿ ಸೇರಿಸಿದ 65ಎ ಕಲಮು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಎನ್ನುತ್ತದೆ. ಬೀಗವಿರುವ ಸಿನಿಮಾ ಡಿಸ್ಕ್‌ನ ಫೈಲು ಮಾಡಿ ಊರಿಗೆಲ್ಲ ಹಂಚುವುದು, ಮಾರುವುದು ಸ್ಪಷ್ಟವಾಗಿ ಅಪರಾಧ.

ಮದುವೆಯ ಡಿಸ್ಕ್‌ಗೆ ಇಂಥ ಬೀಗವಿರುವುದಿಲ್ಲ. ಹಣ ಕೊಟ್ಟು ಮಾಡಿಸಿದ ಚಲನಚಿತ್ರದ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರದೇ ಎಂದು ಅದೇ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಆದರೆ ಸ್ಟುಡಿಯೋದವರು ಹಿನ್ನೆಲೆಗೆ ಹಾಕಿದ ಸಿನಿಮಾ ಹಾಡಿನ ಹಕ್ಕು ಹಾಡಿನವರದು. ಯೂಟ್ಯೂಬಿಗೆ ಏರಿಸಿದ ಮದುವೆಯ ವಿಡಿಯೋಗಳು ಎಷ್ಟೋ ಸಲ ಧ್ವನಿಯಿಲ್ಲದೆ ಮೂಕವಾಗುವುದು ಈ ಹಾಡುಗಳನ್ನು ಯಂತ್ರ ಗುರುತಿಸುವುದರಿಂದ.

ಕಂಪನಿಗಳೇ ಕೊಟ್ಟ ಡಿಜಿಟಲ್ ಪ್ರತಿ

ಡಿಸ್ಕ್ ಕೊಂಡವರಿಗೆ ಕಾನೂನುಬದ್ಧವಾಗಿ ಫೈಲು ಕೊಡುವ ಪ್ರಯತ್ನ ಅಮೆರಿಕದಲ್ಲಿ ನಡೆಯಿತು. 2012ರಲ್ಲಿ ವಾಲ್‌ಮಾರ್ಟ್ ಅಂಗಡಿಗಳಿಗೆ ಡಿಸ್ಕ್ ಒಯ್ದು ತೋರಿಸಿ 2 ಡಾಲರ್ ಕೊಟ್ಟರೆ ಅದೇ ಚಿತ್ರ ವೂಡು ಎಂಬ ಸೇವೆಯ ಖಾತೆಗೆ ಸೇರುತ್ತಿತ್ತು. 5 ಡಾಲರ್ ಕೊಟ್ಟರೆ ಎಚ್‌ಡಿ ರೂಪ. ಭಾಗವಹಿಸಿದ ಸ್ಟುಡಿಯೋಗಳ ಚಿತ್ರಗಳಿಗೆ ಮಾತ್ರ ಈ ಸೌಲಭ್ಯ. ಅದರ ಹಿಂದಿದ್ದ ಅಲ್ಟ್ರಾವಯಲೆಟ್ ಎಂಬ ಹಕ್ಕುಪಟ್ಟಿ 2011ರಲ್ಲಿ ಶುರುವಾಗಿ 2019ರ ಜುಲೈ 31ರಂದು ಮುಚ್ಚಿತು. ಅಲ್ಲಿನ ಸಂಗ್ರಹವನ್ನು ಉಳಿಸಿಕೊಳ್ಳಲು ಬಳಕೆದಾರರು ಬೇರೆ ಸೇವೆಗಳ ಖಾತೆಗಳನ್ನೇ ನೆಚ್ಚಬೇಕಾಯಿತು. ಖಾತೆಯಲ್ಲಿರುವ ಚಿತ್ರಕ್ಕೂ ಕೈಯಲ್ಲಿರುವ ಫೈಲಿಗೂ ಇರುವ ಅಂತರ ಆಗ ಎದ್ದುಕಂಡಿತು.

ಸಂಗ್ರಹ ಮತ್ತು ಹಂಚಿಕೆ

ಪರಿವರ್ತಿಸಿದ ಫೈಲು ಉಪಯೋಗಕ್ಕೆ ಬರಬೇಕಾದರೆ ಅದರ ಹೆಸರಿನಲ್ಲಿ ವರ್ಷ, ಊರು, ಸಂದರ್ಭ ಇರಬೇಕು. ಯುನಿಕೋಡ್ ಕನ್ನಡದಲ್ಲೇ ಹೆಸರಿಡಬಹುದು. ಡಿಸ್ಕ್‌ನ ಮೇಲೆ ಮಾರ್ಕರಿನಲ್ಲಿ ಬರೆದದ್ದನ್ನೂ ಪೆಟ್ಟಿಗೆಯ ಚೀಟಿಯನ್ನೂ ಫೋಟೋ ತೆಗೆದು ಅದೇ ಫೋಲ್ಡರಿನಲ್ಲಿಡುವುದು ವಾಡಿಕೆ. ಫೈಲು ಮುಂದೆ ಕೆಟ್ಟಿದೆಯೇ ಎಂದು ತಿಳಿಯಲು ಎಸ್‌ಎಚ್‌ಎ-256ರಂಥ ಪರೀಕ್ಷಾ ಅಂಕಿ ಬರೆದಿಡುತ್ತಾರೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಸಂಗ್ರಹಕಾರರ ಸೂತ್ರ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳುಹಿಸಿದ್ದನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದು ಚಿತ್ರವನ್ನು ಮತ್ತೊಮ್ಮೆ ಹಿಂಡಿ ಕಳುಹಿಸುತ್ತದೆ. ನೆಂಟರಿಗೆ ಹಂಚಲು ಕ್ಲೌಡ್ ಸಂಗ್ರಹದ ಕೊಂಡಿ ಕೊಟ್ಟರೆ ಅವರು ಫೈಲನ್ನು ಇದ್ದ ಹಾಗೆಯೇ ಇಳಿಸಿಕೊಳ್ಳಬಹುದು.

ಅಂಗಡಿಗಳಲ್ಲಿ ಪರಿವರ್ತನೆ ಮಾಡಿಸುವವರು ಹೆಚ್ಚಾಗಿ ಎಂಪಿ4 ಮಾತ್ರ ಪಡೆದು ಡಿಸ್ಕ್‌ಗಳನ್ನು ಗುಜರಿಗೆ ಹಾಕುತ್ತಾರೆ. ಐಎಸ್ಒವನ್ನೂ ಕೇಳಿ ಪಡೆಯಬೇಕು. ಒಂದು ಪದರದ ನೂರು ಡಿವಿಡಿಗಳ ಐಎಸ್ಒ ಪ್ರತಿಗಳು, ಪ್ರತಿಯೊಂದೂ ಪೂರ್ತಿ ತುಂಬಿದ್ದರೂ, 470 ಜಿಬಿ ಆಗುತ್ತವೆ; ಅಂಗೈಯಗಲದ ಒಂದು ಟೆರಾಬೈಟ್ ಹಾರ್ಡ್‌ಡಿಸ್ಕ್‌ನ ಅರ್ಧವೂ ತುಂಬುವುದಿಲ್ಲ. ಜಾಗವಿಲ್ಲವೆಂದು ಮೂಲವನ್ನು ಹಿಂಡಬೇಕಾದ ಕಾಲ ಮುಗಿದಿದೆ.